ಘೋಣಸಗಿಯ ಗುಟುಕು

ವಿಜಯಪುರ
೬ ಜನವರಿ ೨೦೨೫

ವೈನಿಯವರಿಗೆ ಶಿವಾನಂದನ ನಮಸ್ಕಾರ.

ಇಲ್ಲಿ ನಾವೆಲ್ಲ ನೆಟ್ಟಗಿದ್ದೇವೆ. ಅಡುಗೆಮನೆಯ ಮೇಲಿನ ಕಪಾಟು ಮಾತ್ರ ನೀವು ಹೋದಾಗಿನಿಂದ ತಪ್ಪು ಮಾಡಿದವರ ಹಾಗೆ ಬಾಯಿ ಮುಚ್ಚಿಕೊಂಡು ನಿಂತಿದೆ.

ನೀವು ಬಂದದ್ದು ಕಣ್ಣು ತೋರಿಸಲು. ಕನ್ನಡಕ ಕೈಗೆ ಬರುವ ಮೊದಲೇ ಕಾಣಬಾರದ್ದೆಲ್ಲ ಕಂಡಿತು. ಉಪ್ಪಿನಕಾಯಿ ಭರಣಿ ಇಳಿಸುತ್ತೇನೆಂದು ಸ್ಟೂಲ್ ಹತ್ತಿದಿರಿ. ಇಳಿಯುವಾಗ ಕೈಯಲ್ಲಿ ಭರಣಿ ಇರಲಿಲ್ಲ. ಊಟಕ್ಕೆ ಕುಳಿತಾಗ ಅಣ್ಣ, "ಯಾಕ, ಉಪ್ಪಿನಕಾಯಿ ತಗೀಲಿಲ್ಲೇನು?" ಎಂದ. ನೀವು ನನ್ನ ಕಡೆ ನೋಡದೆ, "ಅಲ್ಲಿರೂದು ಇನ್ನೂ ಕಳತಿಲ್ಲ ಬಿಡ್ರಿ" ಎಂದಿರಿ. ನನ್ನ ಕೈಯ ರೊಟ್ಟಿ ಬಾಯಿಗೂ ತಟ್ಟೆಗೂ ನಡುವೆ ನಿಂತೇಬಿಟ್ಟಿತು.

ಈಗ ಅರಿಕೆ. ನಾನು ಕುಡುಕನಲ್ಲ, ಪರೀಕ್ಷಕ. ಕುಡುಕನ ಬಾಟಲಿ ವಾರದೊಳಗೆ ಖಾಲಿ. ನನ್ನ ಬಾಟಲಿಗಳು ಮೂರು ವರ್ಷವಾದರೂ ಅರ್ಧಕ್ಕೆ ಇಳಿದಿಲ್ಲ. ತಿಂಗಳ ಎರಡನೇ ಶನಿವಾರ ಕಚೇರಿಗೆ ರಜೆ. ಅಂದು ಮಧ್ಯಾಹ್ನ ಊಟಕ್ಕೆ ಮೊದಲು, ನಾಲಿಗೆ ಹಸಿದಿರುವಾಗ, ನಾವು ಗಂಡಹೆಂಡತಿ, ನಾನೂ ಅನುಜಾಳೂ, ಕಿಟಕಿಯ ಬಳಿ ಕೂರುತ್ತೇವೆ. ಒಂದೊಂದರಲ್ಲೂ ಒಂದೇ ಮುಚ್ಚಳದಷ್ಟು. ಮೊದಲು ಬೆಳಕಿಗೆ ಹಿಡಿದು ಬಣ್ಣ ನೋಡುವುದು. ಆಮೇಲೆ ಗ್ಲಾಸನ್ನು ಮೆಲ್ಲಗೆ ತಿರುಗಿಸಿ ಮೂಗು ಹಚ್ಚುವುದು. ನಾಲಿಗೆಗೆ ನಾಲ್ಕು ಹನಿ. ನಂತರ ಚೂರು ನೀರು ಬೆರೆಸಿ ಮತ್ತೊಮ್ಮೆ ಮೂಗು, ಏಕೆಂದರೆ ನೀರು ಬಿದ್ದ ಮೇಲೆಯೇ ಕೆಲವು ವಾಸನೆಗಳು ನಿಜ ಹೇಳುತ್ತವೆ. ಕೊನೆಗೆ ಅಜ್ಜನ ಹಿತ್ತಾಳೆಯ ಪೀಕದಾನಿಗೆ ಉಗುಳಿ, ಒಂದು ಚೂರು ಖಡಕ್ ರೊಟ್ಟಿ ತಿಂದು ಬಾಯಿ ಒರೆಸಿ ಮುಂದಿನದಕ್ಕೆ. ಮೂಗು ಅನುಜಾಳದು, ಪ್ರಾಸ ನನ್ನದು. ಹೊಟ್ಟೆ ದಪ್ಪ, ಬಾಯಿ ಸಣ್ಣ ಇರುವ ಗ್ಲಾಸುಗಳನ್ನು ಗಾಂಧಿ ಚೌಕದಲ್ಲಿ ಕೊಂಡಾಗ ಅಂಗಡಿಯವನು, "ಏನ್ ಸಾಹೇಬ್ರ, ಹೋಟೆಲ್ ಹಾಕ್ತೀರೇನ್ರಿ?" ಎಂದು ಕೇಳಿದ. "ಇಲ್ಲಪಾ, ಹೋಮಿಯೋಪತಿ" ಎಂದೆ. ಪೂರಾ ಸುಳ್ಳಲ್ಲ, ಪ್ರಮಾಣ ಅಷ್ಟೇ.

ಪ್ರತಿ ಬಾಟಲಿಯ ಕೊರಳಿಗೆ ಒಂದು ಚೀಟಿ ಕಟ್ಟಿದ್ದೇನೆ. ಸ್ಟೂಲ್ ಮೇಲೆ ನೀವು ಓದಿದಿರೋ ಇಲ್ಲವೋ ತಿಳಿಯದು. ಕೆಲವನ್ನು ಇಲ್ಲಿ ಇಳಿಸುತ್ತೇನೆ.

ರಮ್ಮು: ಮೊದಲು ಬೆಲ್ಲದ ಘಮ್ಮು, ಆಮೇಲೆ ಒಣ ಕೆಮ್ಮು.

ಜಿನ್ನು: ಕೊತ್ತಂಬರಿ ಮುಂದೆ, ಲಿಂಬೆ ಹಿಂದೆ, ನಡುವೆ ನೀರು, ಮೆರವಣಿಗೆ ಚೆಂದ, ದೇವರೇ ಗೈರು.

ಕಿತ್ತಳೆ ಲಿಕರ್: ತುಟಿಗೆ ಕಿತ್ತಳೆ, ಗಂಟಲಿಗೆ ಸಕ್ಕರೆ, ಎರಡನೇ ಗುಟುಕಿಗೇ ತೀರಿತು ಅಕ್ಕರೆ.

ಕಾಫಿ ಲಿಕರ್: ಮದುವೆಮನೆಯ ಕೊನೇ ಪಂಕ್ತಿಯ ಕಾಫಿ, ಬಡಿಸಿದವನಿಗೆ ಮಾಫಿ.

ಗೋವಾ ಫೆನಿ: ಒಂದು ಕಡೆ ಮುಚ್ಚಳ ತೆಗೆದರೆ ಕೆಮ್ಮುವುದು ಮೂರು ಮನಿ.

ಸರಕಾರ ಪ್ರಶಸ್ತಿ ಕೊಡುವುದಿಲ್ಲ, ಸಂಬಂಧಿಕರು ಮುಖ ಕೊಡುವುದಿಲ್ಲ. ಆದರೂ ಕಣ್ಣು ಮುಚ್ಚಿ ಒಂಬತ್ತು ತರದ ಬ್ರಾಂಡಿಯನ್ನು ಬೇರೆ ಮಾಡಬಲ್ಲ ನಾಲಿಗೆ ಈ ಜಿಲ್ಲೆಯಲ್ಲಿ ಇನ್ನೊಂದಿದ್ದರೆ ತೋರಿಸಿ. ಅಣ್ಣನಿಗೆ ಮಾತ್ರ ಹೇಳಬೇಡಿ. ಚಹಾ ಕೂಡ ಚಟ ಎನ್ನುವ ಮನುಷ್ಯ ಆತ.

ನಿಮ್ಮ ಮೈದುನ,
ಶಿವಾನಂದ

ಘೋಣಸಗಿ
೧೬ ಜನವರಿ ೨೦೨೫

ಶಿವಾನಂದಗೆ ವೈನಿಯ ಆಶೀರ್ವಾದ.

ಸಂಕ್ರಮಣದ ಕುಸುರೆಳ್ಳು ಕಳಿಸಿದ್ದೇನೆ. ಅನುಜಾಗೆ ಮೊದಲು ಕೊಡು.

ನಿಮ್ಮ ಅಣ್ಣನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಕಾರಣ ನಿನ್ನ ಮೇಲಿನ ಮಮತೆಯಲ್ಲ. ನನಗೆ ನಿನ್ನ ನಾಲಿಗೆ ಬೇಕಾಗಿದೆ.

ಫೋನಿನಲ್ಲಿ ಹೇಳುವ ಮಾತಲ್ಲ ಇದು. ಅವರ ಫೋನು ಸ್ಪೀಕರ್ ಹಚ್ಚಿದ್ದೇ, ಓಣಿಗೆಲ್ಲ ಕೇಳುತ್ತದೆ. ನನ್ನದು ಯಾರ ಕೈಗೆ ಬೇಕಾದರೂ ಹೋಗುತ್ತದೆ. ಅದಕ್ಕೇ ಕಾಗದ. ನಮ್ಮ ಒಣದ್ರಾಕ್ಷಿ ಕಾಳಿನ ಪೆಟ್ಟಿಗೆ ಒಯ್ಯುವ ಲಾಡಲೇಸಾಬನ ಟೆಂಪೋ ವಾರಕ್ಕೆರಡು ಸಲ ವಿಜಯಪುರಕ್ಕೆ ಬರುತ್ತದಲ್ಲ, ಅವನ ಕೈಲೇ ಕೊಡು, ಅವನ ಕೈಲೇ ತೆಗೆದುಕೋ.

ಬಬಲೇಶ್ವರದ ರಸ್ತೆಗೆ ದ್ರಾಕ್ಷಾರಸದ ಹೊಸ ಕಾರ್ಖಾನೆಯಾಗಿದೆ. ಅಲ್ಲಿಯ ಮ್ಯಾನೇಜರ್ ಸುಧೀರ ಅನ್ನುವ ಹುಡುಗ ದ್ರಾಕ್ಷಿ ಬೆಳೆಯುವ ನಮ್ಮನ್ನೆಲ್ಲ ಕರೆಸಿದ್ದ. ಒಣದ್ರಾಕ್ಷಿ ನೆನೆಹಾಕಿದ ಲಿಕರ್ ಮಾಡುತ್ತಾರಂತೆ. ಮನೆಗೊಂದು ಕ್ಯಾನ್ ದ್ರಾಕ್ಷಿಯ ಸ್ಪಿರಿಟ್ಟು, ಪರವಾನಗಿ ಚೀಟಿ ಸಮೇತ ಕೊಟ್ಟ. ಅವರವರ ಕಾಳು ನೆನೆಹಾಕಿ ಏಪ್ರಿಲ್ ಕೊನೆಗೆ ಮನೆಗೊಂದೇ ಬಾಟಲಿ ತರಬೇಕು. ಯಾರದು ಒಳ್ಳೆಯದೋ ಅವರ ಕಾಳು ಕೊಳ್ಳುತ್ತಾರೆ, ಲೇಬಲ್ ಮೇಲೆ ಅವರ ಊರ ಹೆಸರು ಹಾಕುತ್ತಾರೆ.

ಊರ ಹೆಸರು. ನನಗೆ ಬೇಕಾದದ್ದು ಅದು. ಹೋದ ವರ್ಷ ತಿಕೋಟಾದಲ್ಲಿ ಒಂದು ಮದುವೆಗೆ ಹೋಗಿದ್ದೆ. ಬೀಗರ ಕಡೆಯವಳೊಬ್ಬಳು ಹೊಳೆವ ಪೆಟ್ಟಿಗೆ ತಂದು, "ತಗೋರಿ, ಇಂಥಾ ಕಾಳ ನಮ್ಮ ಕಡೆ ಸಿಗಂಗಿಲ್ರಿ" ಎಂದು ಕೈಗಿಟ್ಟಳು. ಮೇಲೆ ವ್ಯಾಪಾರಿಯ ಊರ ಹೆಸರು. ತೆಗೆದು ನೋಡಿದರೆ ಒಂದು ಕಾಳಿಗೆ ನಾವು ದ್ರಾಕ್ಷಿ ಒಣಗಿಸುವ ಶೆಡ್ಡಿನ ಹಸಿರು ಬಲೆಯ ಎಳೆ ಅಂಟಿದೆ. ನನ್ನ ಕೂಸನ್ನೇ ನನಗೆ ಉಡಿ ತುಂಬಿದಳು. ನಾನು "ಭಾಳ ಚಲೋ ಅದಾವ್ರಿ" ಎಂದು ತಿಂದು ಬಂದೆ. ಅವತ್ತಿನಿಂದ ಅದು ಗಂಟಲಲ್ಲೇ ಇದೆ.

ಸ್ಪಿರಿಟ್ಟಿನ ಕ್ಯಾನ್ ನೋಡಿ ನಿಮ್ಮ ಅಣ್ಣ ಹೇಳಿದ್ದು ಇಷ್ಟು: "ಈ ಕುಡಿಯೂ ಸೆರಿ ಮನ್ಯಾಗ ಬ್ಯಾಡ, ಶೆಡ್ಡಿನ್ಯಾಗ ಇಡು. ಹಾಕೂದ ಹಾಕ್ತೀ, ಒಂದನೇ ನಂಬರ್ ಕಾಳ ಹಾಕು. ಮಂದಿ ಮುಂದ ಮನಿ ಮಾನ ಹೋಗಬಾರದು." ಹಾಗಾಗಿ ಅವರ ಬಂಗಾರದ ಕಾಳನ್ನೇ ಹಾಕಿದ್ದೇನೆ. ಆ ಬಣ್ಣ ತರಲು ಅವರು ಗೊನೆ ಅದ್ದುವ ಡಿಪ್ಪಿಂಗ್ ಎಣ್ಣೆಯನ್ನು ಎಷ್ಟು ಅಳೆದು ಕಲಸುತ್ತಾರೆ, ಗಂಧಕದ ಹೊಗೆ ಕೊಡುವಾಗ ಶೆಡ್ಡಿನ ಬಾಗಿಲಲ್ಲಿ ಹೇಗೆ ಕೂರುತ್ತಾರೆ, ನೀನೇ ನೋಡಿದ್ದೀ. ಅವರ ಕಾಳಿನಷ್ಟು ಹೊಳೆಯುವ ಕಾಳು ಈ ಸೀಮೆಯಲ್ಲಿಲ್ಲ.

ಫೆಬ್ರುವರಿ ಕೊನೆಗೆ ನಮೂನೆ ಕಳಿಸುತ್ತೇನೆ. ನೋಡಿ ಖರೆ ಹೇಳು.

ವಿದ್ಯಾವತಿ

ವಿಜಯಪುರ
೨ ಮಾರ್ಚ್ ೨೦೨೫

ವೈನಿಯವರಿಗೆ ನಮಸ್ಕಾರ.

ನಿಮ್ಮ ಬಾಟಲಿ ಕ್ಷೇಮವಾಗಿ ತಲುಪಿತು. ಲಾಡಲೇಸಾಬ ಅದನ್ನು ಎರಡು ಬೆರಳಲ್ಲಿ ಹಿಡಿದು ತಂದು, "ತಗೋರಿ ಸಾಹೇಬ್ರ. ಕುಡಿಯೂದೂ ನನಗ ಗೊತ್ತಿಲ್ಲ, ಕೆಡೂದೂ ಗೊತ್ತಿಲ್ಲ. ಬಾಡಿಗಿ ಒಂದ ಗೊತ್ತು" ಎಂದ. ಈ ಮನುಷ್ಯ ಕಾಲೇಜು ಕಲಿತಿದ್ದರೆ ನನಗೆ ಊರಲ್ಲಿ ಪ್ರತಿಸ್ಪರ್ಧಿ ಇರುತ್ತಿದ್ದ.

ನಿನ್ನೆ ಕಿಟಕಿಯ ಬಳಿ ಕುಳಿತು ನೋಡಿದೆವು. ಏನು ಬಣ್ಣ, ವೈನಿ! ಅಣ್ಣನ ಕೈ ಎಂದರೆ ಕೈ. ನನ್ನ ತೀರ್ಪು ಹೀಗಿದೆ:

ಬಣ್ಣ ಬಂಗಾರ, ರುಚಿ ಶೃಂಗಾರ. ವೈನಿಯ ಕೈಗುಣ ಮನೆತನಕ್ಕೇ ಸಿಂಗಾರ.

ಇದನ್ನೇ ಒಯ್ಯಿರಿ. ಅನುಜಾ ಮೂಗು ಹಚ್ಚಿ ಏನೋ ಅಂದಳು, ಪಾಪ, ಅವಳಿಗೆ ಎರಡು ದಿನದಿಂದ ನೆಗಡಿ. ಲೆಕ್ಕಕ್ಕೆ ಹಿಡಿಯಬೇಡಿ.

ಶಿವಾನಂದ

ಘೋಣಸಗಿ
೬ ಮಾರ್ಚ್ ೨೦೨೫

ಶಿವಾನಂದ,

ನಿನ್ನ ಪ್ರಾಸ ಓದಿದೆ. ಮದುವೆಯ ದಿನ ಹೆಂಗಸರೆಲ್ಲ ಸೇರಿ ಹೊಸ್ತಿಲಲ್ಲಿ ಅಡ್ಡಗಟ್ಟಿ, ಗಂಡನ ಹೆಸರು ಹೇಳಿ ಒಳಗೆ ಬಾ ಎಂದಾಗ ನಾನು ಪ್ರಾಸ ಕಟ್ಟಿ ಹೇಳಿದ ಒಡಪು ಇದಕ್ಕಿಂತ ಚೆನ್ನಾಗಿತ್ತು. ಒಡಪಿನಲ್ಲಿ ಯಾವಳೂ ಗಂಡನ ತಪ್ಪು ಹೇಳುವುದಿಲ್ಲ. ಅದಕ್ಕೇ ಒಡಪನ್ನು ಎಲ್ಲರೂ ಕೇಳುತ್ತಾರೆ, ಯಾರೂ ನಂಬುವುದಿಲ್ಲ.

ಅವತ್ತು ಸ್ಟೂಲ್ ಮೇಲೆ ನಿಂತು ನಿನ್ನ ಚೀಟಿಗಳನ್ನೆಲ್ಲ ಓದಿಯೇ ಇಳಿದೆ. ಒಂದರಲ್ಲೂ ಬರೀ ಹೊಗಳಿಕೆ ಇಲ್ಲ. ಎಷ್ಟೇ ಮೆಚ್ಚಲಿ, ಕೊನೆಗೆ ಒಂದು ಚಿವುಟು ಇದ್ದೇ ಇದೆ. ದೇಶದ ದೊಡ್ಡ ದೊಡ್ಡ ಕಂಪನಿಗಳ ಕಿವಿ ಹಿಂಡುವ ಗಂಡಸು ವೈನಿಯ ಬಾಟಲಿಗೆ ಮಂಗಳಾರತಿ ಎತ್ತಿದ್ದಾನೆ ಎಂದರೆ ಅದರಲ್ಲಿ ಏನೋ ಕೆಟ್ಟಿದೆ ಎಂದೇ ಅರ್ಥ.

ಇನ್ನೊಂದು. ಅನುಜಾ ಅದೇ ಭಾನುವಾರ ಸಂಜೆ ನನ್ನ ಜೊತೆ ಫೋನಿನಲ್ಲಿ ಮಾತನಾಡಿದಳು. ದನಿ ಗುಡಿಯ ಗಂಟೆಯಂತಿತ್ತು. ನೆಗಡಿ ಇದ್ದದ್ದು ನಿನ್ನ ಕಾಗದಕ್ಕೆ.

ಕಾರ್ಖಾನೆಯಲ್ಲಿ ಹೊರಗಿನವರು ಕೂತು ಮುಖ ಸಿಂಡರಿಸುವುದನ್ನು ನಾನು ಎಲ್ಲರ ಮುಂದೆ ನಿಂತು ನೋಡಬೇಕೇನು? ನನಗೆ ಮರ್ಯಾದೆ ಕೊಡಬೇಡ, ತೀರ್ಪು ಕೊಡು. ಅನುಜಾ ಏನಂದಳು, ಅಷ್ಟನ್ನೇ ಬರೆ.

ವಿದ್ಯಾವತಿ

ವಿಜಯಪುರ
೯ ಮಾರ್ಚ್ ೨೦೨೫

ವೈನಿಯವರಿಗೆ,

ಅನುಜಾ ಅಂದದ್ದು: "ಇದಕ್ಕ ಕಡ್ಡಿಪೆಟ್ಟಿಗಿ ವಾಸನಿ ಬರತದಲ್ಲರಿ."

ನಿಜ ವೈನಿ. ಗೀರಿ ಆರಿಸಿದ ಬೆಂಕಿಕಡ್ಡಿಯ ವಾಸನೆ ಮೊದಲು ಬರುತ್ತದೆ. ಅದು ಹೋಗುವವರೆಗೆ ಕಾದರೆ ಒಳ್ಳೆಯ ದ್ರಾಕ್ಷಿ ಇದೆ, ಆದರೆ ಅದು ಹೋಗುವುದಿಲ್ಲ. ನಾಲಿಗೆಯ ಹಿಂದೆ ಎಣ್ಣೆ ಹಚ್ಚಿದ ಹಾಗೆ ಒಂದು ಜಿಡ್ಡು. ನುಂಗಿದರೆ ಗಂಟಲಲ್ಲಿ ಗೀರು. ಮೊದಲು ಗ್ಲಾಸಿನ ಮೇಲೆ ಅನುಮಾನ ಬಂತು. ಬಿಸಿನೀರಲ್ಲಿ ತೊಳೆದು ಮತ್ತೆ ನೋಡಿದೆವು. ಪಕ್ಕದಲ್ಲಿ ಸಾದಾ ಬ್ರಾಂಡಿ ಇಟ್ಟು ನೋಡಿದೆವು. ಕೊನೆಗೆ ಅಣ್ಣ ಹಬ್ಬಕ್ಕೆ ಕೊಟ್ಟಿದ್ದ ಬಂಗಾರದ ಕಾಳನ್ನೇ ಒಂದು ಹಿಡಿ ಬಿಸಿನೀರಿಗೆ ಹಾಕಿ, ಬಟ್ಟಲು ಮುಚ್ಚಿಟ್ಟು, ತೆಗೆದು ಮೂಗು ಹಚ್ಚಿದೆವು. ಅದೇ ವಾಸನೆ. ಗಂಧಕ.

ತಿನ್ನುವಾಗ ಸಿಹಿ ಅದನ್ನು ಮುಚ್ಚಿಬಿಡುತ್ತದೆ. ಸ್ಪಿರಿಟ್ಟಿಗೆ ದಾಕ್ಷಿಣ್ಯವಿಲ್ಲ, ಕಾಳಿನೊಳಗಿದ್ದದ್ದನ್ನೆಲ್ಲ ಹೊರಗೆಳೆದು ಪಂಚಾಯಿತಿಗೆ ನಿಲ್ಲಿಸುತ್ತದೆ. ಹಾಗಾಗಿ ತಪ್ಪು ನಿಮ್ಮ ಕೈಯದಲ್ಲ, ಅಣ್ಣನ ಬಂಗಾರದ್ದು. ಇದನ್ನು ನಾನು ಹೇಗೆ ಬರೆಯಲಿ? ಪರೀಕ್ಷೆಗೆ ಹೋಗುವಾಗ ನನ್ನ ಜೇಬಿಗೆ ಆ ಕಾಳು ಹಾಕಿ, "ಇದ ತಿನ್ನು, ಬುದ್ಧಿ ಹೊಳೀತದ" ಎಂದವನು ಆತ. ಬುದ್ಧಿ ಹೊಳೆಯಿತೋ ಇಲ್ಲವೋ, ಊರಲ್ಲಿ ಆತನ ಹೆಸರು ಹೊಳೆದದ್ದು ಆ ಬಣ್ಣದಿಂದ. ಅದರ ಮೇಲೆ ಕಡ್ಡಿ ಗೀರಲು ನನಗೆ ಪ್ರಾಸ ಸಿಗಲಿಲ್ಲ, ವೈನಿ. ಅದಕ್ಕೇ ಶೃಂಗಾರ ಬಂಗಾರ ಎಂದು ತಪ್ಪಿಸಿಕೊಂಡೆ.

ಒಂದು ಉಪಾಯವಿದೆ. ನಾಲ್ಕು ಲವಂಗ, ಎರಡು ಏಲಕ್ಕಿ, ಕಿತ್ತಳೆಯ ಒಣ ಸಿಪ್ಪೆ ಹಾಕಿ ಎರಡು ವಾರ ಬಿಡಿ. ವಾಸನೆ ಅಡಗಬಹುದು. ಕಂಪನಿಯವರೂ ಮಾಡುವುದು ಇದನ್ನೇ.

ಶಿವಾನಂದ

ವಿಜಯಪುರ
೬ ಏಪ್ರಿಲ್ ೨೦೨೫

ವೈನಿಯವರಿಗೆ ಸಾಷ್ಟಾಂಗ.

ಯುಗಾದಿಯೂ ಹೋಯಿತು. ನಿಮ್ಮ ಕಡೆಯಿಂದ ಬೇವೂ ಇಲ್ಲ, ಬೆಲ್ಲವೂ ಇಲ್ಲ. ಲಾಡಲೇಸಾಬನನ್ನು ಕೇಳಿದರೆ, "ವೈನಿಯೋರು ಮಾತಾಡೂದ ಬಿಟ್ಟಾರ್ರಿ, ಕೆಲಸ ಒಂದ ಮಾಡಾಕತ್ತಾರ" ಎನ್ನುತ್ತಾನೆ. ನನಗೆ ಅರ್ಥವಾಯಿತು. ಖರೆ ಹೇಳು ಎಂದವರಿಗೆಲ್ಲ ಖರೆ ಬೇಕಾಗಿರುವುದಿಲ್ಲ ಎಂದು ನಾನು ಮೊದಲೇ ತಿಳಿಯಬೇಕಿತ್ತು.

ಅದಿರಲಿ, ಅಣ್ಣನಿಗೂ ಹೇಳಿಬಿಟ್ಟಿರಾ? ಹಬ್ಬಕ್ಕೆ ಮುಂಚೆ ಔಷಧಿ ಅಂಗಡಿಯ ಕೆಲಸಕ್ಕೆಂದು ಬಂದವನು ಮನೆಗೆ ಬಂದ. ಬೇರೆ ಕಡೆ ಕುರ್ಚಿ ಇದ್ದರೂ ಆ ಕಪಾಟಿನ ಕೆಳಗೇ ಕುಳಿತ. ಬಿಸಿನೀರು ಕುಡಿದ. ಎದ್ದು ಹೋಗುವಾಗ ಚಪ್ಪಲಿ ಮೆಟ್ಟುತ್ತಾ, "ಏನಲೇ ಶಿವ್ಯಾ, ನಿನ್ನ ನಾಲಿಗಿ ಭಾಳ ಚೂಪ ಆಗೇತಂತ?" ಎಂದು ಕೇಳಿದ. ಅನುಜಾ ಒಳಗೆ ಓಡಿದಳು. ನನಗೆ ಓಡಲೂ ಆಗಲಿಲ್ಲ.

ಆ ದಿನವೇ ಬಾಟಲಿಗಳೆಲ್ಲ ಮಂಚದ ಕೆಳಗಿನ ಟ್ರಂಕು ಸೇರಿವೆ. ಬರುವ ಎರಡನೇ ಶನಿವಾರ ಕೂರುವುದೂ ಇಲ್ಲ. ನೀವು ಹೇಳಿದರೆ ಎಲ್ಲವನ್ನೂ ಮೋರಿಗೆ ಸುರಿದುಬಿಡುತ್ತೇನೆ. ಒಂದು ಸಾಲು ಬರೆಯಿರಿ. ಬೈದಾದರೂ ಬರೆಯಿರಿ.

ಶಿವಾನಂದ

ಘೋಣಸಗಿ
೨೦ ಏಪ್ರಿಲ್ ೨೦೨೫

ಶಿವಾನಂದಗೆ ಆಶೀರ್ವಾದ.

ಮೋರಿಗೆ ಏನನ್ನೂ ಸುರಿಯಬೇಡ. ನಿಮ್ಮ ಅಣ್ಣನಿಗೆ ನಾನು ಏನೂ ಹೇಳಿಲ್ಲ. ನಿಮ್ಮ ಸಾಹೇಬರ ಬೀಳ್ಕೊಡುಗೆಯಲ್ಲಿ ನೀನು ಪ್ರಾಸ ಹೊಡೆದು ಅವರ ಕಾಲು ಎಳೆದದ್ದನ್ನು ಯಾರೋ ಬಸ್ಸಿನಲ್ಲಿ ಹೇಳಿದರಂತೆ. ಅದಕ್ಕೆ ಅಂದಿದ್ದಾರೆ, ಒಳಗೊಳಗೆ ಹೆಮ್ಮೆಯಿಂದ. ಕಪಾಟಿನ ಕೆಳಗೆ ಕುಳಿತದ್ದು ಅಲ್ಲಿ ಫ್ಯಾನಿನ ಗಾಳಿ ಬರುತ್ತದೆ ಎಂದು.

ಸಿಟ್ಟು ಬಂದಿತ್ತು, ಇಲ್ಲ ಅನ್ನುವುದಿಲ್ಲ. ನಿನ್ನ ಕಾಗದ ಬಂದ ದಿನ ಬಂಗಾರದ ಕಾಳನ್ನು ಮುಷ್ಟಿಯಲ್ಲಿ ಹಿಡಿದು ಮೂಗಿಗೆ ಹಚ್ಚಿದೆ. ಏನೂ ಬರಲಿಲ್ಲ. ಮೈದುನನಿಗೆ ಪ್ಯಾಟಿ ಗಾಳಿ ಬಡಿದಿದೆ ಎಂದುಕೊಂಡೆ. ಆಮೇಲೆ ತವರಿಗೆ ಹೋಗಿ ನಾಲ್ಕು ದಿನ ಇದ್ದು ಬಂದೆ. ವಾಪಸು ಬಂದು ಶೆಡ್ಡಿನ ಬಾಗಿಲು ತೆಗೆದೆ ನೋಡು, ಮುಖಕ್ಕೆ ಹೊಡೆಯಿತು. ಇಷ್ಟು ವರ್ಷ ಆ ಹೊಗೆಯಲ್ಲೇ ಇದ್ದ ಮೂಗಿಗೆ ಅದು ವಾಸನೆಯೇ ಆಗಿರಲಿಲ್ಲ, ಬರೀ ಗಾಳಿಯಾಗಿತ್ತು.

ನಿನ್ನ ಲವಂಗ ಏಲಕ್ಕಿ ನಿನ್ನ ಹತ್ತಿರವೇ ಇರಲಿ. ಹಳಸಿದ ಸಾರಿಗೆ ಒಗ್ಗರಣೆ ಕೊಡುವ ಮನೆ ನಮ್ಮದಲ್ಲ.

ಆಮೇಲೆ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತಿದ್ದೆ. ನಮ್ಮ ತಿನ್ನುವ ಕಾಳಿನ ಡಬ್ಬಿ ಕಣ್ಣಿಗೆ ಬಿತ್ತು. ನಿನಗೆ ನೆನಪಿದೆಯಲ್ಲ, ಸುಗ್ಗಿಯ ಕೊನೆಗೆ ಉಳಿದ ಗೊನೆಗಳನ್ನು ಮಾಳಿಗೆಯ ಮೇಲೆ ಹಳೇ ಸೀರೆ ಹಾಸಿ ಬಿಸಿಲಲ್ಲಿ ಹಾಗೇ ಒಣಗಿಸುತ್ತೇವೆ. ಎಣ್ಣೆ ಇಲ್ಲ, ಹೊಗೆ ಇಲ್ಲ. ದಿನ ಜಾಸ್ತಿ ಹಿಡಿಯುತ್ತದೆ, ಬಣ್ಣ ಹುಣಸೆಹಣ್ಣಿನದಾಗುತ್ತದೆ. ಯಾರಾದರೂ ಮನೆಗೆ ಬಂದರೆ ಆ ಡಬ್ಬಿಯನ್ನು ಬಾಗಿಲ ಹಿಂದೆ ಸರಿಸಿ ಬಂಗಾರದ ತಾಟು ಹೊರಗೆ ತರುತ್ತೇವೆ. ಎಲ್ಲರ ಮನೆಯ ರೀತಿಯೂ ಇದೇ. ಒಳ್ಳೆಯದು ಮಂದಿಗೆ, ಉಳಿದದ್ದು ಮನೆಗೆ. ಆ ಉಳಿದದ್ದನ್ನು ಕ್ಯಾನಿನಲ್ಲಿ ಉಳಿದ ಸ್ಪಿರಿಟ್ಟಿಗೆ ಹಾಕಿದೆ. ಶೆಡ್ಡಿಗೆ ಕೆಲಸಕ್ಕೆ ಬರುವ ಹುಲಿಗೆವ್ವ, "ಯವ್ವಾ, ಇದು ನಾವು ನೀವು ತಿನ್ನೂ ಕಾಳ. ಸಾಹೇಬ್ರಿಗೆ ಕೊಡಾಕ ನಾಚಿಕಿ ಬರಂಗಿಲ್ಲೇನ ಬೇ?" ಎಂದು ಬಾಯಿಗೆ ಸೆರಗು ಹಚ್ಚಿ ನಕ್ಕಳು. ನಾಚಿಕೆ ಬಂದೇ ಬಂತು. ಆದರೂ ಹಾಕಿದೆ. ಅದು ನೆನೆಯುವವರೆಗೆ ನಿನಗೆ ಬರೆಯಲು ನನ್ನ ಹತ್ತಿರ ಮಾತಿರಲಿಲ್ಲ.

ಈಗ ಬಾಟಲಿ ಕಳಿಸಿದ್ದೇನೆ. ಬಬಲೇಶ್ವರದಲ್ಲಿ ನೋಡುವುದು ೨೮ಕ್ಕೆ. ಮನೆಗೊಂದೇ ಬಾಟಲಿ. ನಿಮ್ಮ ಅಣ್ಣನ ತಲೆಯಲ್ಲಿ ಬಂಗಾರವೇ ಹೋಗುತ್ತಿದೆ. ಬಂಗಾರ ಒಯ್ದರೆ ಊರ ಹೆಸರು ಹೋಗುತ್ತದೆ. ಕರೀ ಕಾಳಿನದು ಒಯ್ದರೆ, ನಿಮ್ಮ ಬಂಗಾರ ಕೆಟ್ಟದ್ದು ಎಂದು ಅವರಿಗೆ ಸೀಮೆಯ ಮಂದಿಯ ಮುಂದೆ ಹೇಳಿದಂತೆ. ಯಾವುದು ಒಯ್ಯಲಿ? ಒಡಪು ಬೇಡ.

ವಿದ್ಯಾವತಿ

ವಿಜಯಪುರ
೨೩ ಏಪ್ರಿಲ್ ೨೦೨೫

ವೈನಿಯವರಿಗೆ ನಮಸ್ಕಾರ.

ಶನಿವಾರಕ್ಕೆ ಕಾಯಲಿಲ್ಲ. ಕಚೇರಿಗೆ ಅರ್ಧ ದಿನ ರಜೆ ಹಾಕಿದೆ. ಕಾರಣದ ಜಾಗದಲ್ಲಿ 'ಕುಟುಂಬದ ಕೆಲಸ' ಎಂದು ಬರೆದೆ. ಇಷ್ಟು ನಿಜವಾದ ರಜಾ ಅರ್ಜಿಯನ್ನು ನಾನು ಈವರೆಗೆ ಬರೆದಿಲ್ಲ.

ಬಣ್ಣ: ಕಿಟಕಿಗೆ ಹಿಡಿದರೆ ಕೆಂಪು, ಒಳಗೆ ತಂದರೆ ಕಾಕಂಬಿಯ ಕಪ್ಪು. ಮೂಗಿಗೆ ಮೊದಲು ಹುಣಸೆ, ಹಿಂದೆಯೇ ಹೊಸ ಬೆಲ್ಲದ ಆಲೆಮನೆ. ನೀರು ಬೆರೆಸಿದ ಮೇಲೆ ಇನ್ನೊಂದು ಎದ್ದು ಬಂತು, ಬಹಳ ಹೊತ್ತು ಹೆಸರು ಸಿಗಲಿಲ್ಲ. ಅನುಜಾಳೇ ಹೇಳಿದಳು: ಬಿಸಿಲಲ್ಲಿ ಒಣಗಿದ ಹತ್ತಿಬಟ್ಟೆ. ನಿಮ್ಮ ಮಾಳಿಗೆಯ ಸೀರೆ ಇರಬಹುದು. ನಾಲಿಗೆಯ ಮೇಲೆ ಮೆತ್ತಗೆ ಹರಡುತ್ತದೆ, ಗಂಟಲಲ್ಲಿ ಗೀರಿಲ್ಲ, ಕೊನೆಗೆ ದ್ರಾಕ್ಷಿಬೀಜದ ಸಣ್ಣ ಕಹಿ ನಿಂತು ಸಿಹಿಯನ್ನು ಹದ್ದುಬಸ್ತಿನಲ್ಲಿಡುತ್ತದೆ.

ಮೂಗಿಗೆ ಹುಣಸೆ, ನಾಲಿಗೆಗೆ ಬೆಲ್ಲ, ಮುಗಿಯುವಾಗ ಕಹಿ. ತಳದ ರಾಡಿಯೊಂದು ಸೋಸಿದರೆ ಹಾಕುತ್ತೇನೆ ಸಹಿ.

ರಾಡಿ ಇದೆ ವೈನಿ, ಬಹಳ ಇದೆ. ಎರಡು ಮಡಿಕೆ ಮಲ್ ಬಟ್ಟೆಯಲ್ಲಿ, ಹಿಂಡದೆ, ತಾನಾಗಿ ಇಳಿಯಲು ಬಿಡಿ. ಹಿಂಡಿದರೆ ಕಹಿ ಹೆಚ್ಚಾಗುತ್ತದೆ.

ಇನ್ನೊಂದು ಸಾಕ್ಷಿ. ಅನುಜಾ ಎರಡನೇ ಸಲ ಮುಚ್ಚಳ ಮುಂದೆ ಹಿಡಿದಳು. ಪೀಕದಾನಿಯನ್ನು ಅವಳ ಕಡೆ ಸರಿಸಿದೆ. ಅವಳು ಅದನ್ನು ಕಾಲಿನಿಂದ ವಾಪಸು ನನ್ನ ಕಡೆಗೇ ಸರಿಸಿದಳು. ಮೂರು ವರ್ಷದಲ್ಲಿ ಇದೇ ಮೊದಲು.

ಕರೀ ಕಾಳಿನದನ್ನೇ ಒಯ್ಯಿರಿ. ಆದರೆ ಹೋಗುವ ಮೊದಲು ಅಣ್ಣನಿಗೆ ಹೇಳಿಬಿಡಿ. ನಾನೇ ಹೇಳುತ್ತಿದ್ದೆ, ಫೋನ್ ಎತ್ತಿ, "ಮಳಿ ಗಾಳಿ ಹೆಂಗೈತಿ" ಎಂದು ಕೇಳಿ ಇಟ್ಟೆ. ಆತನ ಮುಂದೆ ನನ್ನ ಚೂಪು ನಾಲಿಗೆ ಮೊಂಡಾಗುತ್ತದೆ.

ಶಿವಾನಂದ

ಘೋಣಸಗಿ
೧೮ ಮೇ ೨೦೨೫

ಶಿವಾನಂದ, ಅನುಜಾ, ಇಬ್ಬರಿಗೂ ಆಶೀರ್ವಾದ.

ಫೋನಿನಲ್ಲಿ 'ಆತು' ಎಂದಷ್ಟೇ ಹೇಳಿದೆ ಎಂದು ನಿನಗೆ ಸಿಟ್ಟಿದೆ. ನಿಮ್ಮ ಅಣ್ಣ ಪಕ್ಕದಲ್ಲೇ ಇದ್ದರು. ಈಗ ಪೂರಾ ಬರೆಯುತ್ತೇನೆ.

ನಿನ್ನ ಮಾತು ನಾನು ಕೇಳಲಿಲ್ಲ. ಅವರಿಗೆ ಹೇಳಲು ಎರಡು ಸಲ ಬಾಯಿ ತೆಗೆದೆ, ಎರಡು ಸಲವೂ "ರೊಟ್ಟಿ ಹಾಕ್ಲೇನ್ರಿ?" ಎಂದೆ. ನಿನಗೆ ಬೈದವಳಿಗೆ ಅವತ್ತು ನಿನ್ನ ಕಷ್ಟ ತಿಳಿಯಿತು. ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ, ಚೀಲದಲ್ಲಿಟ್ಟು ಟೆಂಪೋ ಹತ್ತಿದೆ. ಅವರೂ ಬಂದರು. ಆದರೆ ಕಾರ್ಖಾನೆಯ ಗೇಟಿನ ಹೊರಗೆ ಬೇವಿನ ಮರದ ಕೆಳಗೇ ಕುಳಿತರು. ಹೆಂಡದ ಮನೆಗೆ ತಾವು ಕಾಲಿಡುವುದಿಲ್ಲ ಎಂದರು.

ಒಳಗೆ ಉದ್ದನೆಯ ಮೇಜು. ಹೊರಗಿನಿಂದ ಬಂದ ಮೂವರು ನಿನ್ನ ಹಾಗೆಯೇ ಗ್ಲಾಸು ತಿರುಗಿಸಿ ಮೂಗು ಹಚ್ಚುತ್ತಿದ್ದರು. ಎಲ್ಲರ ಬಾಟಲಿಯೂ ಬಂಗಾರ. ನಾನು ಟವೆಲ್ ಬಿಚ್ಚಿದ್ದೇ, ಸಾರವಾಡದ ಬಸಗೊಂಡಪ್ಪ, "ಏನ್ ಅಕ್ಕಾರ, ಹುಣಸಿಹುಳಿ ತಂದೀರೇನ್ರಿ? ಸಾರು ಮಾಡ್ತಾರಂತ ಯಾರರ ಹೇಳಿದ್ರೇನ್ರಿ?" ಎಂದ. ನಾಲ್ಕು ಮಂದಿ ನಕ್ಕರು. ನಾನು, "ಹೌದ್ರಿ, ನಿಮ್ಮ ಬಾಯಿಗೆ ಉಪ್ಪು ಕಡಿಮಿ ಆಗೇತಿ ಅಂತ ಕೇಳಿದ್ದೆ" ಎಂದೆ. ಬಾಟಲಿಯನ್ನು ಅವನ ಬಂಗಾರದ ಪಕ್ಕದಲ್ಲೇ ಇಟ್ಟೆ.

ಬಂಗಾರದ ಗ್ಲಾಸುಗಳ ಮೇಲೆ ಆ ಮೂವರೂ ಒಂದೇ ತರ ಹುಬ್ಬು ಗಂಟು ಹಾಕಿದರು. ನಮ್ಮದಕ್ಕೆ ಬಂದಾಗ ಹುಬ್ಬು ಬಿಚ್ಚಿತು. ಅವರಲ್ಲಿ ವಯಸ್ಸಾದ ಹೆಂಗಸು ನೀರು ಬೆರೆಸಿ ಮತ್ತೆ ನೋಡಿದಳು, ಮತ್ತೆ ಬೇಡಿದಳು. ಉಗುಳಲಿಲ್ಲ. ಅನುಜಾಗೆ ಹೇಳು.

ಸುಧೀರ ನನ್ನ ಹತ್ತಿರ ಬಂದು, "ರುಚಿ ಇದರದ್ದೇ ರಿ ಅಕ್ಕಾರ. ಆದ್ರ ಗಿರಾಕಿಗೆ ಬಂಗಾರದ ಬಣ್ಣ ಬೇಕು. ಅರ್ಧಾ ಇದು, ಅರ್ಧಾ ಅದು ಕೂಡಿಸೂಣು. ನಿಮ್ಮ ಊರ ಹೆಸರು ಗ್ಯಾರಂಟಿ" ಎಂದ. ನಾನು ಇಷ್ಟು ದಿನ ಕೇಳುತ್ತಿದ್ದ ಮಾತು ಅದು. ಬೇಡ ಎಂದೆ. "ಹೆಸರು ನಮ್ಮದು, ವಾಸನಿ ಮತ್ತೊಂದು ಆಗಬಾರದರಿ" ಎಂದೆ. ಅವನು ಆ ಮೂವರ ಜೊತೆ ಮಾತಾಡಿ ಬಂದು, "ಆತು, ಇದನ್ನ ಸ್ವಲ್ಪ ಸ್ವಲ್ಪ ಮಾಡಿ ನೋಡ್ತೀವಿ. ಆದ್ರ ಘೋಣಸಗಿ ಅಂದ್ರ ಹೊರಗ ಯಾರಿಗೆ ಗೊತ್ತು? ವಿಜಯಪುರ ಅಂತ ಹಾಕೂಣು" ಎಂದ.

ಅಷ್ಟರಲ್ಲಿ ಬಸಗೊಂಡಪ್ಪ ಹೊರಗೆ ಹೋಗಿ ನಿಮ್ಮ ಅಣ್ಣನಿಗೆ, "ಗುರಣ್ಣಾ, ನಿನ್ನ ಬಂಗಾರ ಮನ್ಯಾಗ ಇಟ್ಟು ನಿನ್ನ ಹೇಂತಿ ಕರೀ ಕಾಳ ತಂದಾಳಪೋ" ಎಂದು ಹೇಳಿಬಿಟ್ಟಿದ್ದ. ಬಾಗಿಲಲ್ಲಿ ನೆರಳು ಬಿತ್ತು. ನೋಡಿದರೆ ಅವರು, ಗುಡಿಗೆ ಬಂದವರಂತೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದಾರೆ. ನನ್ನ ಮುಖ ನೋಡಲಿಲ್ಲ. ಮೇಜಿನ ಮೇಲಿನ ಕಪ್ಪು ಗ್ಲಾಸು ನೋಡಿದರು. ಈಗ ಎಲ್ಲರ ಮುಂದೆ ಬೈಯುತ್ತಾರೆ ಎಂದುಕೊಂಡೆ.

ಅವರು ಸುಧೀರನಿಗೆ, "ಈ ಕಾಳ ಘೋಣಸಗಿದು, ತಮ್ಮಾ. ಹೊಲಾ ಅಲ್ಲೈತಿ, ಮಾಳಗಿ ಅಲ್ಲೈತಿ, ಒಣಗಿಸಿದಾಕಿ ಇಲ್ಲಿ ನಿಂತಾಳ. ಹೆಸರು ಮತ್ತೊಂದ ಹಾಕೂದಿದ್ರ ಕಾಳ ಬರಂಗಿಲ್ಲ" ಎಂದರು. ದನಿ ಏರಲಿಲ್ಲ. ನಿನಗೆ ಗೊತ್ತಲ್ಲ, ಅವರು ದನಿ ಏರಿಸದೆ ಆಡಿದ ಮಾತನ್ನು ವ್ಯಾಪಾರಿಗಳೂ ಮುರಿಯುವುದಿಲ್ಲ. ಸುಧೀರ ಆ ವಯಸ್ಸಾದ ಹೆಂಗಸಿನ ಕಡೆ ನೋಡಿದ. ಆಕೆ, "ಹಾಕಿ. ಗೊತ್ತಿಲ್ಲದವರು ಗೊತ್ತು ಮಾಡಿಕೊಳ್ಳಲಿ" ಎಂದಳು.

ವಾಪಸು ಬರುವಾಗ ಲಾಡಲೇಸಾಬನ ಪಕ್ಕದಲ್ಲೇ ಇಬ್ಬರೂ ಕೂತೆವು. ತಿಕೋಟಾ ದಾಟಿತು. ಇನ್ನು ತಡೆಯಲಾಗದೆ ನಾನೇ ಹೇಳಿದೆ: "ಸಿಟ್ಟಾಗಬ್ಯಾಡ್ರಿ. ನಿಮ್ಮ ಕಾಳಿಗೆ ಗಂಧಕದ ವಾಸನಿ ಹೊಡೀತೈತ್ರಿ. ಅದಕ್ಕ ಒಯ್ಯಲಿಲ್ಲ."

ಅವರು ರಸ್ತೆಯನ್ನೇ ನೋಡುತ್ತಾ ಅಂದರು: "ನನಗೇನ ಮೂಗಿಲ್ಲೇನು? ಇಷ್ಟು ವರ್ಷ ಸಂಸಾರ ಮಾಡೀ. ಬಂಗಾರದ ಕಾಳ ಒಂದರೆ ನನ್ನ ಬಾಯಾಗ ಹೋಗಿದ್ದ ಕಂಡೀಯೇನ?"

ನಾನು ಯೋಚಿಸಿದೆ. ಬೆಳಿಗ್ಗೆ ಹೊಲಕ್ಕೆ ಹೋಗುವಾಗ ಜೇಬಿಗೆ ಹಾಕಿಕೊಳ್ಳುವುದು ಆ ಡಬ್ಬಿಯದು. ರಾತ್ರಿ ಊಟವಾದ ಮೇಲೆ ಕೇಳುವುದೂ ಅದನ್ನೇ. ಒಂದೇ ಒಂದು ದಿನ ಬಂಗಾರದ ತಾಟಿಗೆ ಕೈ ಹಾಕಿದ್ದು ನೆನಪಾಗಲಿಲ್ಲ. ಲಾಡಲೇಸಾಬ ನಗು ತಡೆಯಲಾರದೆ ಟೆಂಪೋ ಬದಿಗೆ ನಿಲ್ಲಿಸಿಬಿಟ್ಟ. "ಮತ್ತ ಒಂದನೇ ನಂಬರ್ ಹಾಕು ಅಂತ ಯಾಕ ಅಂದ್ರಿ?" ಎಂದು ಕೇಳಿದೆ. "ಮಂದೀಗೆ ನಮ್ಮ ಬಾಯಿರುಚಿ ತೋರಸೂದ ನನಗೆಲ್ಲಿ ಗೊತ್ತಿತ್ತು?" ಎಂದರು.

ಬರುವ ಸುಗ್ಗಿಗೆ ಒಂದು ಶೆಡ್ಡು ಎಣ್ಣೆ ಹೊಗೆ ಇಲ್ಲದ್ದು. ರ‍್ಯಾಕಿನ ಬಲೆಗಳನ್ನು ಈಗಲೇ ಇಳಿಸಿ ತೊಳೆಸುತ್ತಿದ್ದಾರೆ. ಉಳಿದ ಶೆಡ್ಡುಗಳಲ್ಲಿ ಬಂಗಾರವೇ. ಅದನ್ನು ಬಿಡು ಎಂದು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಆ ಬಣ್ಣ ಇನ್ನೊಬ್ಬರಿಗೆ ಬರುವುದಿಲ್ಲ.

ನಿನ್ನೆ ಸುಧೀರ ಲೇಬಲ್ಲಿನ ನಮೂನೆ ಕಳಿಸಿದ್ದ. 'ಘೋಣಸಗಿ' ಎಂದು ಅಗಲವಾಗಿ, ಕನ್ನಡದಲ್ಲೇ ಇದೆ. ನಿಮ್ಮ ಅಣ್ಣ ಅದನ್ನು ಅಂಗಳಕ್ಕೆ ಒಯ್ದು, ಬೆಳಕಿನಲ್ಲಿ ಹಿಡಿದು, ದನಿ ತೆಗೆದು ಓದಿದರು. ಓಣಿಯವರು ಕೇಳಿದರು. ಆಮೇಲೆ ಕೆಳಗೆ ಸಣ್ಣ ಅಕ್ಷರದಲ್ಲಿದ್ದ 'ಮದ್ಯಪಾನ ಆರೋಗ್ಯಕ್ಕೆ ಹಾನಿಕರ' ಎಂಬುದನ್ನೂ ಅಷ್ಟೇ ದನಿಯಲ್ಲಿ ಓದಿ, ನನ್ನ ಕೈಗೆ ಕೊಟ್ಟು ಹೇಳಿದರು:

"ಚಲೋ ಬರದಾರ. ಮ್ಯಾಲಿಂದೂ ಖರೆ, ಕೆಳಗಿಂದೂ ಖರೆ."

ವಿದ್ಯಾವತಿ